ಚೌಕಾಬಾರ ತಂದುಕೊಟ್ಟ ಮೊಲ

ಅದರ ಕಿವಿಗಳ ತುದಿ ಮಾತ್ರ ಕಪ್ಪಗಿತ್ತು. ಫೌಂಟನ್ ಪೆನ್ನಿನ ಮಸಿಯಲ್ಲಿ ಒಂದೂವರೆ ಸೆಂಟಿಮೀಟರಿನಷ್ಟು ಅದ್ದಿ ಒಣಗಲು ತೂಗುಹಾಕಿದ ಹಾಗೆ. ಉಳಿದ ಮೈಯೆಲ್ಲ ಒಣಹುಲ್ಲಿನ ಬಣ್ಣ. ಹಿಂಗಾಲುಗಳನ್ನು ಸಣಬಿನ ದಾರದಿಂದ ಬಿಗಿದು, ನಮ್ಮ ಮುಂಬಾಗಿಲ ಹಿಡಿಕೆಗೆ ನೇತುಹಾಕಲಾಗಿತ್ತು. ನಾನು ಬೀಗದ ಕೈ ಹಿಡಿದು ನಾಲ್ಕು ನಿಮಿಷ ನಿಂತೆ. ಬೀಗದ ತೂತು ಮೊಲದ ಹೊಟ್ಟೆಯ ಹಿಂದಿತ್ತು!

ನಾನು ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಲೋಹವಿಜ್ಞಾನದಲ್ಲಿ ಪಿಎಚ್‌ಡಿ ಮಾಡುತ್ತಿರುವವಳು. ಎಲ್ಲವನ್ನೂ ಅಳೆದು, ತೂಗಿ, ಚೀಟಿ ಅಂಟಿಸಿ ಇಡುವ ಸ್ವಭಾವ. ಅಂಥ ನನಗೆ ಮೊದಲು ಹೊಳೆದದ್ದು ಮಾಟ. ಎರಡನೆಯದಾಗಿ ಹೊಳೆದದ್ದು, ಈ ಮನೆಯಲ್ಲಿ ಪ್ರಾಣಿಗಳಿಗೆ ಅವಕಾಶವಿಲ್ಲ ಎಂಬ ಬಾಡಿಗೆ ಕರಾರಿನ ಷರತ್ತು.

ಅಷ್ಟರಲ್ಲಿ ಶಹನಾಜ್ ಒಳಗಿನಿಂದ ಬಾಗಿಲು ತೆರೆದಳು. ಬಾಗಿಲಿನ ಜೊತೆ ಮೊಲವೂ ಒಳಕ್ಕೆ ತೂಗಿತು. ನನಗಿಂತ ಮೊದಲೇ ಗೃಹಪ್ರವೇಶ ಮಾಡಿತು!

ಶಹನಾಜ್ ನನ್ನ ಮನೆಯ ಜೊತೆಗಾತಿ. ಹುಬ್ಬಳ್ಳಿಯವಳು, ಇಲ್ಲಿಯ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನಲ್ಲಿ ನರ್ಸ್. ಮೈಸೂರಿನವಳಾದ ನನ್ನ ಜೊತೆ ಎರಡು ವರ್ಷದಿಂದ ಅಚ್ಚುಕಟ್ಟಾದ ಬೆಂಗಳೂರು ಕನ್ನಡ ಮಾತಾಡುತ್ತಾಳೆ. ಗಾಬರಿಯಾದಾಗ ಮಾತ್ರ ನೇರ ಹುಬ್ಬಳ್ಳಿ ಸ್ಟೇಷನ್ನಿನಲ್ಲೇ ಇಳಿಯುತ್ತಾಳೆ.

"ಯವ್ವಾ! ಇದೇನ ತಂದೀಯಲೇ ರಚನಾ?"

"ತಂದಿಲ್ಲ. ಇತ್ತು."

"ಕಾಲಾಗ ಚೀಟಿ ಐತಿ ನೋಡು."

ಚೀಟಿ ಪಕ್ಕದ ಮನೆಯ ಆರ್ಥರ್ ಅವರದು. 'ಭಾನುವಾರಕ್ಕೆ. ನಿನ್ನ ಅಜ್ಜಿಯ ಮೇಲಿನ ಗೌರವದಿಂದ, ಚರ್ಮ ಸುಲಿಯದೆ ಹಾಗೆಯೇ ಕೊಡುತ್ತಿದ್ದೇನೆ' ಎಂದು ಬರೆದಿದ್ದರು.

ಮೊಲಕ್ಕೂ ನನ್ನ ಅಜ್ಜಿಗೂ ಏನು ಸಂಬಂಧ? ಆಗ ಹಿಂದಿನ ವಾರದ ಮಾತುಕತೆ ನೆನಪಾಗಿ, ಮೆಟ್ಟಿಲ ಮೇಲೆ ಕೂತೆ.

ನಾನು ಹೆಚ್ಚು ಮಾತಿನವಳಲ್ಲ. ನಾವಿರುವ ಬ್ರೂಮ್‌ಹಿಲ್‌ನಂಥ ಏರುದಾರಿಯ ಬಡಾವಣೆಯಲ್ಲಿ ಎಲ್ಲರಿಗೂ ಏದುಸಿರು ಇರುವುದರಿಂದ ನನ್ನ ಮೌನ ಯಾರಿಗೂ ಎದ್ದು ಕಾಣುವುದಿಲ್ಲ. ಆದರೆ ಆ ದಿನ ಹಿತ್ತಲ ಗೋಡೆಯಾಚೆಯಿಂದ ಆರ್ಥರ್, "ಗೇಮ್ ಇಷ್ಟಾನಾ, ಲವ್?" ಎಂದು ಕೇಳಿದ್ದರು. ಇಲ್ಲಿ ಬಸ್ ಡ್ರೈವರ್ ಕೂಡ ಎಲ್ಲರನ್ನೂ 'ಲವ್' ಎಂದೇ ಕರೆಯುತ್ತಾನೆ. ಆ ಪದದಿಂದ ನನಗೆ ತೊಂದರೆಯಾಗಲಿಲ್ಲ. ತೊಂದರೆ ಮಾಡಿದ್ದು ಇನ್ನೊಂದು ಪದ.

"ತುಂಬಾ ಇಷ್ಟ. ಚಿಕ್ಕಂದಿನಿಂದ," ಎಂದೆ.

"ಅಪ್ಪ ಕಲಿಸಿದ್ದೋ?"

"ಅಲ್ಲ, ಅಜ್ಜಿ. ಊಟ ಆದಮೇಲೆ ಜಗಲಿಯಲ್ಲಿ ಕೂತ್ಕೊಂಡು ಮಧ್ಯಾಹ್ನವೆಲ್ಲ ಹೊಡೆಯೋರು. ಹತ್ತು ಹನ್ನೆರಡು ಹೊಡೆದ ದಿನವೂ ಇದೆ."

"ಕೂತ್ಕೊಂಡೇ?"

"ಮಂಡಿನೋವು ಪಾಪ, ಏಳೋಕೆ ಆಗ್ತಿರಲಿಲ್ಲ."

ಆರ್ಥರ್ ಕೈಯಲ್ಲಿದ್ದ ಸನಿಕೆಯನ್ನು ಗೋಡೆಗೆ ಒರಗಿಸಿದರು. "ಏನು ಬಳಸ್ತಿದ್ರು?"

"ಶೆಲ್ಸ್. ಶೆಲ್ ಸಿಗದಿದ್ರೆ ಹುಣಸೆ ಬೀಜ."

"ಹುಣಸೆ ಬೀಜ!"

"ಅಜ್ಜಿ ತುಂಬಾ ಕಟ್ಟುನಿಟ್ಟು. ಒಂದನ್ನಾದರೂ ಹೊಡೆಯದೆ ಒಳಗೆ ಬರೋ ಹಾಗೇ ಇಲ್ಲ ಅಂತ ನಿಯಮ."

ಆರ್ಥರ್ ತಲೆಯ ಮೇಲಿನ ಟೋಪಿ ತೆಗೆದರು. ಆಮೇಲೆ ಸಂಕೋಚದಿಂದ, "ಬರೋ ಭಾನುವಾರ ನಮಗೂ ಒಂದು ಮಾಡ್ತೀಯಾ?" ಎಂದರು. ನಾನು ಉತ್ಸಾಹದಿಂದ, "ಧಾರಾಳವಾಗಿ. ನಾಲ್ಕು ಜನಕ್ಕೆ ಸರಿಯಾಗುತ್ತೆ," ಎಂದಿದ್ದೆ.

ನಾನು ಹೇಳಿದ್ದು ಚೌಕಾಬಾರದ ಬಗ್ಗೆ. ಗೇಮ್ ಎಂದರೆ ಆಟ, ಒಂದು ಮಾಡುವುದು ಎಂದರೆ ಆಟದ ಮನೆ ಬರೆಯುವುದು, ಶೆಲ್ ಎಂದರೆ ಕವಡೆ. ಹೊಡೆಯುವುದು ಎಂದರೆ ಎದುರಾಳಿಯ ಕಾಯಿ ಹೊಡೆಯುವುದು. ಒಂದು ಕಾಯನ್ನೂ ಹೊಡೆಯದವರಿಗೆ ಒಳಮನೆಗಳಿಗೆ ಪ್ರವೇಶವಿಲ್ಲ ಎಂಬುದು ಆಟ ಆಡಿದವರಿಗೆಲ್ಲ ಗೊತ್ತು!

ಶಹನಾಜ್ ಎಲ್ಲ ಕೇಳಿ ಗೋಡೆಗೆ ಆನಿಕೊಂಡಳು. "ಹುಚ್ಚಿ! ಇಲ್ಲಿ ಗೇಮ್ ಅಂದ್ರ ಬ್ಯಾಟಿ ಆಡಿದ ಮಾಂಸ. ಶೆಲ್ ಅಂದ್ರ ಬಂದೂಕಿನ ತೋಟಾ. ನಿಮ್ಮ ಅಜ್ಜಿ ಜಗಲಿ ಮ್ಯಾಲೆ ಕುಂತು ದಿನಾ ಡಜನ್ ಮೊಲ ಹೊಡೀತಿದ್ಲು, ತೋಟಾ ಖಾಲಿ ಆದ್ರ ಬಂದೂಕಿಗೆ ಹುಣಸಿ ಬೀಜ ತುಂಬತಿದ್ಲು ಅಂತ ಹೇಳಿ ಬಂದೀಯಲ್ಲ!"

ಬದುಕಿನಲ್ಲಿ ಜಿರಲೆಯನ್ನೂ ಹೊಡೆಯದ ನನ್ನ ಅಜ್ಜಿ! ತಕ್ಷಣ ಹೋಗಿ ನಿಜ ಹೇಳಿಬಿಡುವುದೆಂದು ಪಕ್ಕದ ಮನೆಯ ಬಾಗಿಲು ತಟ್ಟಿದೆ.

ತೆರೆದವರು ಆರ್ಥರ್ ಅವರ ಹೆಂಡತಿ ಅಸ್ಸುಂತಾ. ಇಟಲಿಯ ಬೆಟ್ಟದ ಹಳ್ಳಿಯಿಂದ ಮದುವೆಯಾಗಿ ಬಂದವರು. ಎತ್ತರ ನನ್ನ ಭುಜದಷ್ಟು, ದನಿ ಮಾತ್ರ ಆರಡಿ. ಬಲ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಲಾಗಿತ್ತು.

"ಬಾ! ಅಜ್ಜಿಯ ಮೊಮ್ಮಗಳೇ, ಬಾ!"

ನಾನು ಬಾಯಿ ತೆರೆಯುವ ಮೊದಲೇ ಅವರು ಹೇಳಿದರು: ಭಾನುವಾರ ಅವರ ಮದುವೆಗೆ ಐವತ್ತು ವರ್ಷ. ಮದುವೆಯ ದಿನ ಅವರೇ ಮಾಡಿದ ಊಟ ಕಾಡುಮೊಲದ ಸ್ಟ್ಯೂ. ಆಮೇಲೆ ಒಂದು ವರ್ಷವೂ ತಪ್ಪಿಲ್ಲ. ಈ ಸಲ ಮೆಟ್ಟಿಲ ಮೇಲೆ ಜಾರಿ ಕೈ ಮುರಿದಿತ್ತು.

"ಆರ್ಥರ್ ಮಾಡ್ತೀನಿ ಅಂದ. ಇವನು ಮೊಟ್ಟೆ ಬೇಯಿಸಿದ್ರೆ ಕೋಳಿಗಳು ಅಳ್ತಾವೆ!"

"ನೀವು ಪಕ್ಕದಲ್ಲಿ ನಿಂತು ಹೇಳಿಕೊಟ್ರೆ..." ಎಂದು ನಾನು ಉಸುರಿದೆ.

"ನನ್ನ ಅಡುಗೆಮನೆಯಲ್ಲಿ ಇನ್ನೊಬ್ಬ ಹೆಂಗಸೇ? ನಿನ್ನನ್ನು ಕೊಂದುಬಿಡ್ತೀನಿ. ನಿನ್ನ ಮನೆಯಲ್ಲೇ ಮಾಡು. ನಾನು ಕಿಟಕಿಯಲ್ಲಿ ಕೂತು ಸುಮ್ಮನಿರ್ತೀನಿ. ಅದೇ ನನಗೆ ಕಷ್ಟ."

ಆಮೇಲೆ ಒಳಗೆ ಹೋಗಿ, ಆರ್ಥರ್ ಕೈಯಲ್ಲಿ ಒಂದು ಎರಕದ ಕಬ್ಬಿಣದ ಪಾತ್ರೆ ಹೊರಿಸಿಕೊಂಡು ಬಂದರು. ಆ ಪಾತ್ರೆಯನ್ನು ಅವರು ಮದುಮಗಳಾಗಿ ಇಟಲಿಯಿಂದ ಇಲ್ಲಿಯವರೆಗೆ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ಬಂದಿದ್ದರಂತೆ. ನನ್ನ ಕಸುಬು ಲೋಹ. ಇಷ್ಟು ವರ್ಷ ಬೆಂಕಿ ಕಂಡೂ ಒಂದು ಬಿರುಕಿಲ್ಲದ ಎರಕವನ್ನು ನಾನು ಮುಟ್ಟಿದ್ದು ಅದೇ ಮೊದಲು. ಮೈ ಝುಮ್ಮೆಂದಿತು. ಒಳಗೆ ಒಂದು ಹಳದಿ ಕಾರ್ಡಿನಲ್ಲಿ ಅಡುಗೆಯ ವಿಧಾನ ಇತ್ತು. ಅಸ್ಸುಂತಾ ಎಡಗೈಯಲ್ಲಿ ನನ್ನ ಕೆನ್ನೆ ತಟ್ಟಿ, "ಒಂದು ವರ್ಷ ತಪ್ಪಿದ್ರೆ ಲೆಕ್ಕ ತಪ್ಪಿತು," ಎಂದರು.

ನಿಜ ಹೇಳಲು ಹೋದವಳು ಪಾತ್ರೆ ಹೊತ್ತುಕೊಂಡು ಬಂದೆ.

"ನನ್ನ ಕುಕ್ಕರ್‌ಗೆ ಕೈ ಹಚ್ಚಿದ್ರ ನೋಡು," ಎಂದಳು ಶಹನಾಜ್. ಹಲಾಲ್ ಅಲ್ಲದ ಮೊಲ, ಅದರ ಮೇಲೆ ಒಂದು ಬಾಟಲಿ ವೈನ್. ಅವಳು ಯಾವುದನ್ನೂ ಮುಟ್ಟುವಂತಿರಲಿಲ್ಲ. ಆದರೆ ಗೆಳತಿಯನ್ನು ಕೈಬಿಡುವವಳೂ ಅಲ್ಲ. ಶನಿವಾರ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಳು. "ನೋಡಿದ್ರ ಪಾಪ ಇಲ್ಲ. ನಾ ಹೇಳ್ತೀನಿ, ನೀ ಮಾಡು. ಚಾಕು ಪೆನ್ ಹಿಡಿದಂಗ ಹಿಡಿ. ಹಿಂಗಾಲಿಂದ ಶುರು ಮಾಡು. ಅಳಬ್ಯಾಡ, ಪೇಷಂಟ್ ಹೆದರ್ತದ."

ನಾನು ಅದುವರೆಗೆ ಮುಟ್ಟಿದ್ದ ಮಾಂಸವೆಂದರೆ ಪ್ಲಾಸ್ಟಿಕ್ ತಟ್ಟೆಯಲ್ಲಿ ಬರುವ, ಮೂಳೆ ಚರ್ಮಗಳಿಲ್ಲದ ಕೋಳಿ. ಹೆದರುತ್ತಲೇ ಶುರುಮಾಡಿದೆ. ಆದರೆ ಚರ್ಮ ಶಾಲೆಯಿಂದ ಬಂದ ಮಗುವಿನ ಸ್ವೆಟರಿನಂತೆ ತಲೆಯ ಕಡೆಗೆ ಜಾರಿ ಬಂತು. ಒಳಗಿದ್ದದ್ದನ್ನು ನೋಡಿ ನಾನು ಚಾಕು ಕೆಳಗಿಟ್ಟೆ. ಬೆನ್ನಿನ ಉದ್ದಕ್ಕೂ ಕೆಂಪು ರೇಷ್ಮೆಯ ಹುರಿಯಂತೆ ಎರಡು ಸ್ನಾಯುಗಳು. ಹಿಂಗಾಲಿನಲ್ಲಿ ಒಂದರ ಮೇಲೊಂದು ಮಡಿಚಿಟ್ಟ ಸ್ಪ್ರಿಂಗುಗಳು. ಲ್ಯಾಬಿನಲ್ಲಿ ಮೂರು ವರ್ಷದಿಂದ ನಾನು ಎಳೆದು ಮುರಿಯುವ ಯಾವ ಮಿಶ್ರಲೋಹಕ್ಕೂ ಇಂಥ ವಿನ್ಯಾಸವಿರಲಿಲ್ಲ. ಈ ಪ್ರಾಣಿ ಬೆಟ್ಟದ ಬಯಲಿನಲ್ಲಿ ಗಾಳಿಯ ಜೊತೆ ಓಡಿತ್ತು. ಈಗ ನನ್ನಂಥವಳ ಕೈಗೆ ಬಿದ್ದಿತ್ತು.

ಬೆರಳಿಗೆ ಏನೋ ಗಟ್ಟಿ ಸಿಕ್ಕಿತು. ಬೇಟೆಯ ಚರೆ, ಸಾಸಿವೆಗಿಂತ ಸ್ವಲ್ಪ ದೊಡ್ಡ ಗುಂಡು. ಅಕ್ಕಿಯಲ್ಲಿ ಕಲ್ಲು ಆರಿಸಿ ಬೆಳೆದ ಮನೆತನ ನನ್ನದು. ಊಟದಲ್ಲಿ ಕಲ್ಲು ಸಿಕ್ಕಿದರೆ ಅಡುಗೆಯವಳ ಮಾನ ಹೋದಂತೆ. ಚರೆ ಉಕ್ಕಿನದು ಎಂದು ನೋಡಿದೊಡನೆ ತಿಳಿಯಿತು. ಫ್ರಿಜ್ಜಿನ ಮೇಲಿದ್ದ ಮೈಸೂರು ಅರಮನೆಯ ಮ್ಯಾಗ್ನೆಟ್ ತೆಗೆದು, ಗಾಯಗಳನ್ನೆಲ್ಲ ಬಿಡಿಸಿ ಹುಡುಕಿದೆ. ಒಟ್ಟು ಏಳು. ಏಳೂ ಅರಮನೆಯ ಬೆನ್ನಿಗೆ ಅಂಟಿಕೊಂಡವು. ನನ್ನ ವೃತ್ತಿಜೀವನದ ಅತ್ಯಂತ ಉಪಯುಕ್ತ ಪ್ರಯೋಗ ಇದೇ ಎಂದು ಹೆಮ್ಮೆಪಟ್ಟೆ. ಆ ಹೆಮ್ಮೆಯ ಗತಿ ಮುಂದೆ ಹೇಳುತ್ತೇನೆ.

ಇನ್ನು ಕಾರ್ಡ್. ಫೋನಿನ ಅನುವಾದ ಎಲ್ಲ ಪದಗಳನ್ನೂ ಬಿಡಿಸಿತು: ವೈನ್, ವಿನೆಗರ್, ಉಪ್ಪು, ಲವಂಗ, ಮೆಣಸು, ರೋಸ್ಮರಿ. ಪ್ರತಿಯೊಂದರ ಮುಂದೆಯೂ 'q.b.' ಎಂದಿತ್ತು. ಅದನ್ನು ಮಾತ್ರ ಫೋನ್ ಹಾಗೆಯೇ ಬಿಟ್ಟಿತು. ಅನುವಾದವಾಗದ್ದು ಎಂದರೆ ಅಂತಾರಾಷ್ಟ್ರೀಯ ಅಳತೆಯೇ ಇರಬೇಕು. ಕ್ಯೂ ಅಂದರೆ ಕ್ವಾರ್ಟರ್. ಬಿ ಅಂದರೆ ಬೌಲ್. ಕಾಲು ಬಟ್ಟಲು!

ಯಾರನ್ನಾದರೂ ಕೇಳಬಹುದಿತ್ತು. ಆದರೆ ಅಳತೆಯ ವಿಷಯದಲ್ಲಿ ಇನ್ನೊಬ್ಬರನ್ನು ಕೇಳುವುದು ನನ್ನಂಥವಳಿಗೆ ಶೋಭೆಯಲ್ಲ. ಸ್ಟೀಲ್ ಬಟ್ಟಲಿಗೆ ನೀರು ತುಂಬಿ ಅಳೆದೆ. ನಾನೂರು ಮಿಲಿಲೀಟರ್. ಕಾಲು ಭಾಗ ನೂರು. ನೂರು ಮಿಲಿಲೀಟರ್ ಲವಂಗಕ್ಕಾಗಿ ಅಂಗಡಿಗೆ ಎರಡು ಸಲ ಇಳಿದು ಹತ್ತಿದೆ. ಉಪ್ಪಿನ ಹತ್ತಿರ ಕೈ ಒಂದು ಕ್ಷಣ ತಡೆಯಿತು. ಆದರೆ ಹಳ್ಳಿಗಾಡಿನ ಅಡುಗೆ, ಮಾಂಸ ಉಪ್ಪಿನಲ್ಲಿ ನೆನೆಯಬೇಕೇನೋ. ಬಿಸಿಬೇಳೆಭಾತಿನ ನಾಡಿನವಳು ಲವಂಗಕ್ಕೆ ಹೆದರಿದರೆ ಹೇಗೆ?

ಎಲ್ಲವನ್ನೂ ಸುರಿದು, ಮುಚ್ಚಿ, ಹಿಂಬಾಗಿಲ ಮೆಟ್ಟಿಲ ಮೇಲೆ ಇಟ್ಟೆ. ನವೆಂಬರಿನಲ್ಲಿ ಇಲ್ಲಿ ಹಿತ್ತಲೇ ಫ್ರಿಜ್. ಪಕ್ಕದ ಕಿಟಕಿಯಲ್ಲಿ ಅಸ್ಸುಂತಾ ಕೂತಿದ್ದರು. ಹೇಳಿದ ಮಾತಿನಂತೆ ಸುಮ್ಮನಿದ್ದರು.

ಭಾನುವಾರ ಬೆಳಿಗ್ಗೆ ಆರೂವರೆಗೆ ಮುಳುಗುವಷ್ಟು ನೀರು ಹಾಕಿ ಒಲೆ ಹಚ್ಚಿದೆ. ಒಂಬತ್ತೂವರೆಗೆ ಒಂದು ಚಮಚ ರುಚಿ ನೋಡಿದೆ. ಮೊದಲು ಸಮುದ್ರ ಬಂತು. ಆಮೇಲೆ ನಾಲಿಗೆ ಹೋಯಿತು. ದಂತವೈದ್ಯರ ಕುರ್ಚಿಯಲ್ಲಿ ಸೂಜಿ ಚುಚ್ಚಿಸಿಕೊಂಡ ಹಾಗೆ ಕೆಳದುಟಿ ನನ್ನದಲ್ಲವಾಯಿತು.

"ಹೆಂಗದ?" ಎಂದಳು ಬಾಗಿಲಲ್ಲಿದ್ದ ಶಹನಾಜ್.

"ಥೊಲ್ಪ ಉಪ್ಪು," ಎಂದೆ.

"ಬಿಡು, ನಿನ್ನ ಮಾರಿ ನೋಡಿದ್ರ ಸಾಕು, ರುಚಿ ನೋಡೂದ ಬ್ಯಾಡ."

ಊಟ ಒಂದು ಗಂಟೆಗೆ. ಊರಿನಲ್ಲಿ ಬೇರೆ ಮೊಲವಿಲ್ಲ. ಐವತ್ತನೇ ವರ್ಷ ನನ್ನ ಒಲೆಯ ಮೇಲೆ ಉಪ್ಪುನೀರಿನಲ್ಲಿ ಮುಳುಗುತ್ತಿತ್ತು. ನಾನು ಅಳುವುದು ಅಪರೂಪ, ಅತ್ತರೂ ಸ್ನಾನದಮನೆಯಲ್ಲಿ. ಆ ದಿನ ಅಡುಗೆಮನೆಯಲ್ಲೇ ಅತ್ತೆ.

"ಅದಕ್ಕೂ ಉಪ್ಪು ಹಾಕ್ತೀಯೇನ?" ಎಂದು ಶಹನಾಜ್ ಗದರಿದಳು. "ನಿಮ್ಮ ಕಡೆ ಕಾಳು ಬೇಯಿಸಿ ನೀರು ಬ್ಯಾರೆ ಮಾಡಿ ಅದೇನೋ ಸಾರು ಮಾಡ್ತೀರಲ್ಲ?"

ಬಸ್ಸಾರು! ನೀರು ಪೂರ್ತಿ ಬಸಿದು ಚೆಲ್ಲಿದೆ. ತುಂಡುಗಳನ್ನು ನಾಲ್ಕು ಸಲ ಬಿಸಿನೀರಿನಲ್ಲಿ ತೊಳೆದೆ. ಒಂದೊಂದೇ ಲವಂಗವನ್ನು ಇಕ್ಕಳದಲ್ಲಿ ಹೆಕ್ಕಿದೆ. ಹೊಸದಾಗಿ ಈರುಳ್ಳಿ, ಟೊಮೆಟೊ, ಉಳಿದ ವೈನ್ ಹಾಕಿ, ಒಂದು ಚೂರು ಬೆಲ್ಲವನ್ನೂ ಸೇರಿಸಿ ಮತ್ತೆ ಒಲೆಗೇರಿಸಿದೆ. ಹನ್ನೆರಡಕ್ಕೆ ಕಾರ್ಡಿನ ಕೊನೆಯ ಸಾಲು ಕಣ್ಣಿಗೆ ಬಿತ್ತು: 'ಪೊಲೆಂಟಾ ಜೊತೆ ಬಡಿಸಿ.' ಪೊಲೆಂಟಾ ಎಂದರೆ ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಗಂಜಿ. ನಮ್ಮಲ್ಲಿ ಆ ಹಿಟ್ಟೇ ಇರಲಿಲ್ಲ. ಇದ್ದದ್ದು ಅಮ್ಮ ಕಳಿಸಿದ ರಾಗಿ ಹಿಟ್ಟು. ಅಳತೆಯಿಲ್ಲದೆ ನನಗೆ ಬರುವ ಅಡುಗೆ ಒಂದೇ, ಮುದ್ದೆ. ತಿರುವಿ, ಕಟ್ಟಿ, ನಾಲ್ಕು ಉಂಡೆ ಮಾಡಿದೆ.

ಒಂದು ಗಂಟೆಗೆ ಆರ್ಥರ್ ಟೈ ಕಟ್ಟಿಕೊಂಡು ಬಂದರು. ಅಸ್ಸುಂತಾ ಕೈಯ ಪ್ಲಾಸ್ಟರಿಗೆ ಕೆಂಪು ರಿಬ್ಬನ್ ಸುತ್ತಿಕೊಂಡಿದ್ದರು. ಶಹನಾಜ್ ತನ್ನ ಪಾಲಿನ ಮುದ್ದೆಗೆ ಬೇರೆ ಬೇಳೆಸಾರು ಇಟ್ಟುಕೊಂಡು ಕೂತಳು. ನಾನು ಬಡಿಸಿದೆ. ಮುದ್ದೆಯನ್ನು ಅಗಿಯಬಾರದು, ಸಾರಿನಲ್ಲಿ ಅದ್ದಿ ನುಂಗಬೇಕು ಎಂಬ ವಿಧಿಯನ್ನೂ ಗಂಭೀರವಾಗಿ ವಿವರಿಸಿದೆ.

ಅಸ್ಸುಂತಾ ಒಂದು ತುತ್ತು ತಿಂದು ಕಣ್ಣು ಮುಚ್ಚಿದರು.

"ಇದು ನನ್ನ ಸ್ಟ್ಯೂ ಅಲ್ಲ," ಎಂದರು. ಇನ್ನೊಂದು ತುತ್ತು ತೆಗೆದುಕೊಂಡರು. "ಆದರೆ ಸ್ಟ್ಯೂ. ಉಪ್ಪು ಎಷ್ಟು ಹಾಕಿದೆ?"

"ಕಾರ್ಡಿನಲ್ಲಿ ಇದ್ದಷ್ಟೇ. ಕ್ಯೂ.ಬಿ."

"ಅಂದರೆ?"

"ಕಾಲು ಬಟ್ಟಲು."

ಅಸ್ಸುಂತಾ ಚಮಚ ಕೆಳಗಿಟ್ಟರು. "ಮಗಳೇ, ಕ್ಯೂ.ಬಿ. ಅಂದರೆ ಕ್ವಾಂತೊ ಬಾಸ್ತಾ. ಸಾಕಾಗುವಷ್ಟು!"

ಸಾಕಾಗುವಷ್ಟು! ನನ್ನ ಅಜ್ಜಿಯನ್ನು ಉಪ್ಪೆಷ್ಟು ಎಂದು ಕೇಳಿದಾಗ ಅವರು ಕೈ ತೋರಿಸಿ ಹೇಳುತ್ತಿದ್ದದ್ದೂ ಅದೇ. ಎಲ್ಲಿಯ ಮೈಸೂರು, ಎಲ್ಲಿಯ ಇಟಲಿಯ ಬೆಟ್ಟ! ಎರಡು ಅಡುಗೆಮನೆಗಳಲ್ಲೂ ಒಂದೇ ಅಳತೆ ಇತ್ತು. ಅದು ಗೊತ್ತಿಲ್ಲದಿದ್ದದ್ದು ಅಳತೆಯಲ್ಲೇ ಡಾಕ್ಟರೇಟ್ ಮಾಡಹೊರಟ ನನಗೊಬ್ಬಳಿಗೆ.

ಆಮೇಲೆ ಒಂದು ವಿಚಿತ್ರ ಗಮನಿಸಿದೆ. ಗಂಡ ಹೆಂಡತಿ ಇಬ್ಬರೂ ಬಹಳ ನಿಧಾನವಾಗಿ, ನಾಲಿಗೆಯಿಂದ ಏನನ್ನೋ ಹುಡುಕುವಂತೆ ತಿನ್ನುತ್ತಿದ್ದರು. ಹಲ್ಲಿಗೆ ಚರೆ ಸಿಗುವ ಭಯವಿರಬೇಕು.

"ನಿಶ್ಚಿಂತೆಯಿಂದ ತಿನ್ನಿ," ಎಂದೆ. "ಚರೆ ಒಂದೂ ಇಲ್ಲ. ಏಳನ್ನೂ ತೆಗೆದಿದ್ದೇನೆ."

ಇಬ್ಬರೂ ತಿನ್ನುವುದನ್ನು ನಿಲ್ಲಿಸಿದರು. ಆರ್ಥರ್ ಕೋಟಿನ ಜೇಬಿನಿಂದ ಒಂದು ಪುಟ್ಟ ಗಾಜಿನ ಶೀಶೆ ತೆಗೆದು ಮೇಜಿನ ಮೇಲಿಟ್ಟರು. ತಳದಲ್ಲಿ ಬೂದುಬಣ್ಣದ ಚರೆಗಳಿದ್ದವು.

"ನಲವತ್ತೊಂಬತ್ತು," ಎಂದರು. "ವರ್ಷಕ್ಕೊಂದು. ಯಾರ ಹಲ್ಲಿಗೆ ಮೊದಲು ಸಿಗುತ್ತೋ ಅವರು ಆ ವರ್ಷ ಜಗಳದಲ್ಲಿ ಗೆದ್ದ ಹಾಗೆ."

ಅಸ್ಸುಂತಾ ಹೇಳಿದ್ದ ಲೆಕ್ಕ ಇದು! ನಾನು ಆ ಶೀಶೆಯನ್ನು ನೋಡುತ್ತ ಕೂತೆ. ಹಳೆಯವು ಸೀಸ, ಮಂಕಾಗಿದ್ದವು. ಮೇಲಿನವು ಉಕ್ಕು, ಇನ್ನೂ ಹೊಳೆಯುತ್ತಿದ್ದವು. ನಲವತ್ತೊಂಬತ್ತು ಚಳಿಗಾಲಗಳು ನನ್ನ ಹೆಬ್ಬೆರಳಿನಷ್ಟು ಶೀಶೆಯಲ್ಲಿದ್ದವು. ಐವತ್ತನೆಯದನ್ನು ನಾನು ಮ್ಯಾಗ್ನೆಟ್ ಹಿಡಿದು ಕಿತ್ತುಹಾಕಿದ್ದೆ!

ಎದ್ದು ಓಡಿದೆ. ಮೈಸೂರು ಅರಮನೆಯನ್ನು ತಂದು ಮೇಜಿನ ಮೇಲೆ ಬೋರಲು ಹಾಕಿದೆ. ಏಳೂ ಅಲ್ಲೇ ಇದ್ದವು.

"ಹಾಗೆ ಶೀಶೆಗೆ ಹಾಕೋ ಹಾಗಿಲ್ಲ. ಬಾಯಲ್ಲಿ ಸಿಗಬೇಕು," ಎಂದರು ಅಸ್ಸುಂತಾ. ಒಂದು ಚರೆಯನ್ನು ಕಿತ್ತು ಆರ್ಥರ್ ಮುದ್ದೆಯೊಳಗೆ ಒತ್ತಿದರು. "ಹೂಂ, ಹುಡುಕು. ಈ ವರ್ಷ ನೀನೇ ಗೆಲ್ಲು."

ಆರ್ಥರ್ ಆ ತುತ್ತನ್ನು ಮುರಿದು, ಸಾರಿನಲ್ಲಿ ಅದ್ದಿ, ನನ್ನ ಕಡೆ ಗೌರವದಿಂದ ನೋಡಿ, ಅಗಿಯದೆ ನುಂಗಿದರು.

ಅಸ್ಸುಂತಾ ಮೇಜಿನ ಮೇಲೆ ಬಾಗಿ ಗಂಡನ ಬಾಯೊಳಗೆ ಇಣುಕಿದರು.

"ಹೊಟ್ಟೆಗೆ ಹೋಯಿತೇ?" ಎಂದರು ಅಸ್ಸುಂತಾ.

"ಅಗಿಯಬಾರದು ಅಂದಳಲ್ಲ," ಎಂದರು ಆರ್ಥರ್.

"ಐವತ್ತು ವರ್ಷ ನನ್ನ ಒಂದು ಮಾತು ಕೇಳಲಿಲ್ಲ ಈ ಮನುಷ್ಯ! ಇವತ್ತು ಈ ಹುಡುಗಿ ಹೇಳಿದ ತಕ್ಷಣ ಕೇಳಿದ!"

ಉಕ್ಕಿನ ಸಣ್ಣ ಗುಂಡಿನಿಂದ ಅಪಾಯವಿಲ್ಲ, ಒಂದೆರಡು ದಿನದಲ್ಲಿ ತಾನಾಗಿ ಹೊರಬರುತ್ತದೆ, ಬೇಕಿದ್ದರೆ ಆಗ ಶೀಶೆಗೆ ಹಾಕಬಹುದು ಎಂದು ಶಹನಾಜ್ ವೈದ್ಯಕೀಯ ಸಲಹೆ ಕೊಟ್ಟಳು. ಅಸ್ಸುಂತಾ ಕಾಯಲು ಒಪ್ಪಲಿಲ್ಲ. ಇನ್ನೊಂದು ಚರೆಯನ್ನು ತಾವೇ ಬಾಯಿಗೆ ಹಾಕಿಕೊಂಡು, 'ಕಟ್' ಎಂದು ಹಲ್ಲಲ್ಲಿ ಸದ್ದು ಮಾಡಿ, ಉಗುಳಿ, ಶೀಶೆಗೆ ಹಾಕಿದರು. ಟಿಣ್! ಐವತ್ತು. "ನಾನೇ ಗೆದ್ದೆ," ಎಂದರು. ಅವರ ಕಣ್ಣುಗಳು ಒದ್ದೆಯಾಗಿದ್ದವು. ಆರ್ಥರ್ ಆ ರಿಬ್ಬನ್ನಿನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತರು. ನಾನು ತಟ್ಟೆ ನೋಡಿದೆ. ಕೆಲವನ್ನು ನೋಡಬಾರದು.

ಅಲ್ಲಿಗೇ ಮುಗಿದಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಆರ್ಥರ್ ಗ್ಲಾಸ್ ಎತ್ತಿ, "ಜಗಲಿಯಲ್ಲಿ ಕೂತೇ ಹೊಡೆಯುತ್ತಿದ್ದ ಆ ಮಹಾ ಬೇಟೆಗಾರ್ತಿ ಅಜ್ಜಿಗೆ!" ಎಂದುಬಿಟ್ಟರು. ಸತ್ತ ಅಜ್ಜಿಯ ಹೆಸರಿನಲ್ಲಿ ಇನ್ನೊಂದು ಸುಳ್ಳು ಕುಡಿಯಲಾರದೆ, ಪೇಪರ್ ನ್ಯಾಪ್ಕಿನ್ನಿನ ಮೇಲೆ ಇಪ್ಪತ್ತೈದು ಮನೆ ಗೀಚಿ, ಕವಡೆ, ಕಾಯಿ, ಹುಣಸೆ ಬೀಜ ಎಲ್ಲವನ್ನೂ ಒಪ್ಪಿಕೊಂಡೆ.

ಅಸ್ಸುಂತಾ ಪ್ಲಾಸ್ಟರ್ ಕೈಯಿಂದ ಮೇಜು ಕುಟ್ಟಿ ಕುಟ್ಟಿ ನಕ್ಕರು. ಆರ್ಥರ್ ಮಾತ್ರ ಬಹಳ ಹೊತ್ತು ನ್ಯಾಪ್ಕಿನ್ ನೋಡಿ, "ಹುಣಸೆ ಬೀಜದ ವಿಷಯ ನನಗೆ ಆವತ್ತೇ ಅನುಮಾನ ಇತ್ತು," ಎಂದರು.

"ನಾಳೆ ಬೆಳಿಗ್ಗೆ ಈ ಆಟ ತಾ," ಎಂದರು ಅಸ್ಸುಂತಾ.

ಮರುದಿನ ಬೆಳಿಗ್ಗೆ ಲ್ಯಾಬಿಗೆ ತಡವಾಗುತ್ತದೆಂದು ಮೇಲ್ ಕಳಿಸಿದೆ. ರಟ್ಟಿನ ಮೇಲೆ ಸ್ಕೇಲಿಟ್ಟು, ಮನೆಗೆ ಆರು ಸೆಂಟಿಮೀಟರಿನಂತೆ ಚೌಕಾಬಾರ ಬರೆದೆ. ಹುಣಸೆ ಹಣ್ಣಿನ ಪೊಟ್ಟಣದಿಂದ ನಾಲ್ಕು ಬೀಜ ಆರಿಸಿ, ಹಿಂಬಾಗಿಲ ಕಲ್ಲಿಗೆ ಒಂದು ಬದಿ ಬೆಳ್ಳಗಾಗುವವರೆಗೆ ತಿಕ್ಕಿದೆ. ತೊಳೆದ ಕಬ್ಬಿಣದ ಪಾತ್ರೆಯಲ್ಲಿ ಅವನ್ನಿಟ್ಟುಕೊಂಡು ಪಕ್ಕದ ಮನೆಗೆ ಹೋದೆ. ಅಸ್ಸುಂತಾ ಎಡಗೈಯಲ್ಲಿ ಬೀಜ ಎಸೆದರು. ಮೊದಲ ಎಸೆತಕ್ಕೇ ಎಂಟು! ನನ್ನ ಕಾಯಿಗಳನ್ನು ಒಂದೊಂದಾಗಿ ಹೊಡೆದು ಸಾಲಾಗಿ ಮಲಗಿಸಿದರು. ಅಜ್ಜಿಯ ಶಿಷ್ಯೆಯಾದ ನಾನು ಅವರ ಒಂದನ್ನೂ ಹೊಡೆಯಲಿಲ್ಲ. ಒಳಮನೆಯ ಬಾಗಿಲಲ್ಲಿ ನನ್ನ ಕಾಯಿ ನಿಂತಾಗ ಆರ್ಥರ್ ಹಿಂದಿನಿಂದ ಗಂಭೀರವಾಗಿ ನೆನಪಿಸಿದರು: "ಒಂದನ್ನಾದರೂ ಹೊಡೆಯದೆ ಒಳಗೆ ಬರೋ ಹಾಗಿಲ್ಲ, ಲವ್."

ಮನೆಗೆ ಬಂದಾಗ ಶಹನಾಜ್ ಚಹಾ ಸೋಸುತ್ತಿದ್ದಳು.

"ಎಷ್ಟು ಆಟ ಸೋತಿ?"

"ಕ್ಯೂ.ಬಿ.," ಎಂದೆ.